ಗೊಬ್ಬರ ಒಲ್ಲದ ಗಿಡಗಳು

ಮಾರ್ಚ್ ೪, ಬುಧವಾರ ಮಧ್ಯಾಹ್ನ

ನನ್ನ ಪುಟ್ಟಿಗೆ, ಅಮ್ಮನ ಪ್ರೀತಿ.

ಕಾಗದ ನೋಡಿ ಗಾಬರಿಯಾಗಬೇಡ, ಇಬ್ಬರೂ ಚೆನ್ನಾಗಿದ್ದೇವೆ. ಫೋನಿನಲ್ಲಿ ನೀನು "ಹ್ಞೂಂ", "ಸರಿ" ಎಂಬ ಎರಡರಲ್ಲೇ ಮಾತು ಮುಗಿಸುತ್ತೀಯ. ನಾನೂ ಊಟ ಆಯ್ತಾ ಎಂದು ಕೇಳಿ ಇಟ್ಟುಬಿಡುತ್ತೇನೆ. ಹೇಳಬೇಕಾದದ್ದು ಎಂಟು ತಿಂಗಳಿಂದ ಗಂಟಲಲ್ಲೇ ಇದೆ. ಇವತ್ತು ಹೊಲಿಗೆ ಯಂತ್ರಕ್ಕೆ ಮುಚ್ಚಳ ಹಾಕಿ, ಅದರ ಮೇಲೆಯೇ ಕಾಗದ ಇಟ್ಟುಕೊಂಡು ಕೂತಿದ್ದೇನೆ. ಶಾಲೆಯವರ ಯೂನಿಫಾರ್ಮು ಒಂದು ದಿನ ಕಾಯಲಿ.

ನಿಮ್ಮಪ್ಪ ಮತ್ತೆ ಒಂದು ನೊಣ ತಿನ್ನುವ ಗಿಡ ತಂದಿದ್ದಾರೆ. ಹಳೆಯ ಆರು ಹೂಜಿ ಗಿಡಗಳು ಸತ್ತ ಮೇಲೆ ಇನ್ನು ಆ ಸಹವಾಸವೇ ಬೇಡ ಎಂದಿದ್ದವರು. ಇದು ಬೇರೆ ಜಾತಿ, ಬೆರಳುದ್ದ ಇದೆ, ಎಲೆಯ ತುಂಬ ಇಬ್ಬನಿಯಂಥ ಅಂಟು. ಒಗೆದ ಬಟ್ಟೆ ಅರ್ಧ ಗಂಟೆಯಲ್ಲಿ ಗರಿಗರಿಯಾಗುವ ಊರಿನಲ್ಲಿ ಜೌಗು ನೆಲದ ಗಿಡ ಬೆಳೆಸುವ ಹುಚ್ಚು ಇನ್ಯಾರಿಗಿದೆ ಹೇಳು. ಅದೇ ಹಳೆಯ ಗಾಜಿನ ಪೆಟ್ಟಿಗೆ, ಒಳಗೆ ಒದ್ದೆ ಬಟ್ಟೆ, ಕುಂಡದ ಕೆಳಗೆ ತಟ್ಟೆ ತುಂಬ ನೀರು. ನೀರು ಈಗಲೂ ಅವರ ಅಂಗಡಿಯಿಂದಲೇ ಬರುತ್ತದೆ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಗಿರಾಕಿಗಳ ಬ್ಯಾಟರಿ ಒಣಗಿದರೂ ಚಿಂತೆಯಿಲ್ಲ, ಈ ಮಹಾರಾಯ ಒಣಗಬಾರದು.

ಮೊನ್ನೆ ಭಾನುವಾರ ಅದನ್ನು ನೋಡಿಕೊಳ್ಳುವ ಕ್ರಮವನ್ನು ನನಗೆ ಹೇಳಿಕೊಟ್ಟರು. ನಲ್ಲಿ ನೀರು ಬೇಡ, ಅದರಲ್ಲಿರುವ ಉಪ್ಪು ಬೇರಿಗೆ ಆಗದು. ಗೊಬ್ಬರವಂತೂ ಹತ್ತಿರವೂ ಸುಳಿಯಬಾರದು. ಸಾರವಿಲ್ಲದ ಮಣ್ಣಿನಲ್ಲಿ ಹುಟ್ಟಿದ್ದರಿಂದಲೇ ಅದು ಹುಳ ಹಿಡಿದು ತಿನ್ನಲು ಕಲಿತಿದೆ, ಬೇರಿಗೆ ಉಣಿಸಿದರೆ ಸುಟ್ಟುಹೋಗುತ್ತದೆ ಎಂದರು.

ಪುಟ್ಟಿ, ಆ ಗಿಡಗಳನ್ನು ಸಾಯಿಸಿದ್ದು ನಾನು. ನಿನ್ನ ಸೋದರತ್ತೆಯ ಆಪರೇಷನ್‌ಗೆಂದು ಅಪ್ಪ ಹದಿನೈದು ದಿನ ಹೋಗಿದ್ದಾಗ ನೀರಿನ ಕೆಲಸ ನಿನ್ನದಾಗಿತ್ತು. ನೀನು ಅಂಗಡಿಯಿಂದ ಕ್ಯಾನು ಹೊತ್ತು ತರುವುದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಬರೀ ನೀರು ಕುಡಿದುಕೊಂಡು ಬಡಕಲಾಗಿ ನಿಂತ ಗಿಡಗಳನ್ನು ಕಂಡು ನನಗೆ ಪಾಪ ಅನಿಸಿತು. ಗಾಜಿನೊಳಗೆ ಅವಕ್ಕೆ ನೊಣ ಎಲ್ಲಿಂದ ಸಿಗಬೇಕು? ಗುಲಾಬಿಗೆ ಹಾಕುವ ಕಾಳು ಗೊಬ್ಬರವನ್ನು ಒಂದೊಂದು ಚಮಚ ಹಾಕಿದೆ. ಹೊಟ್ಟೆಗೆ ಹಾಕದೆ ಯಾರನ್ನೂ ಪ್ರೀತಿಸಲು ನನಗೆ ಬರುವುದಿಲ್ಲ, ಏನು ಮಾಡಲಿ.

ಅಪ್ಪ ಬಂದು ನೋಡಿದಾಗ ಆರೂ ಕಪ್ಪಾಗಿದ್ದವು. ಸೋಮಾರಿತನಕ್ಕೆ ನಲ್ಲಿ ನೀರು ಹಾಕಿದ್ದೀಯ ಎಂದರು. ನೀನು ಇಲ್ಲ ಅಂದೆ. "ಗಿಡಕ್ಕೆ ನೀರು ಹಾಕೋಕೆ ಬರದವಳು ನಾಳೆ ರೋಗಿಗಳನ್ನ ಏನು ನೋಡ್ಕೋತೀಯ" ಎಂದುಬಿಟ್ಟರು. ನರ್ಸ್ ಆಗಲು ಹೊರಟ ಮಗಳಿಗೆ ಆಡುವ ಮಾತಲ್ಲ ಅದು. ಮರುದಿನ ಹಾಸ್ಟೆಲ್‌ಗೆ ಹೋದವಳು ಮತ್ತೆ ನೀನು ಮನೆಗೆ ಕಾಲಿಟ್ಟಿಲ್ಲ. ಗೊಬ್ಬರದ ವಿಷಯ ಭಾನುವಾರದವರೆಗೆ ನನ್ನ ತಲೆಗೆ ಹೊಳೆದಿರಲೇ ಇಲ್ಲ.

ಅಪ್ಪನಿಗೆ ಅಲ್ಲೇ ನಿಂತು ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಕೈಯಲ್ಲಿದ್ದ ಮಗ್ಗು ಕೆಳಗಿಟ್ಟು, "ಹಾಗಾದ್ರೆ ಅವಳು ನಿಜಾನೇ ಹೇಳಿದ್ಲು" ಎಂದರು, ಅಷ್ಟೇ. ಸೋಮವಾರ ಅಂಗಡಿ ತೆರೆಯಲಿಲ್ಲ. ನಿನ್ನೆ ಹೋಗಿ ಹದಿನೈದನೇ ತಾರೀಕು ಭಾನುವಾರಕ್ಕೆ ಬಸ್ಸಿನ ಟಿಕೆಟ್ ಮಾಡಿಸಿಕೊಂಡು ಬಂದರು, ನಿನ್ನ ಹತ್ತಿರ ಬರಲು. ಕ್ಷಮೆ ಕೇಳಿ ರೂಢಿಯಿಲ್ಲದ ಮನುಷ್ಯ. ಮೊದಲು ಹಾಸ್ಟೆಲಿನ ಇನ್ವರ್ಟರ್ ಹೇಗಿದೆ ಎಂದು ಕೇಳುತ್ತಾರೆ, ತಾಳ್ಮೆಯಿಂದ ಉತ್ತರ ಹೇಳು. ವಾರ್ಡನ್ ಕರೆದಾಗ ಕೆಳಗೆ ಇಳಿದು ಬಾ, ಅಷ್ಟು ಸಾಕು.

ನೀನಿಲ್ಲದ ಮನೆಯಲ್ಲಿ ದಿನ ಎಣಿಸುತ್ತಿರುವ
ಅಮ್ಮ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಡಿಸಿದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಗೊಬ್ಬರದಿಂದಲೇ ಸತ್ತವು ಎಂದು ನನಗೆ ಆವತ್ತೇ ಗೊತ್ತಿತ್ತು. ಅಪ್ಪ ಬರುವ ದಿನ ಬೆಳಿಗ್ಗೆ, ನೀನು ಸ್ನಾನಕ್ಕೆ ಹೋಗಿದ್ದಾಗ, ಕರಗದೆ ಉಳಿದ ಕಾಳುಗಳನ್ನು ಕೆರೆದು ತೆಗೆದು ಬಿಸಾಡಿದೆ. ಅವರು ನಿನ್ನನ್ನು ಬೈಯುವಾಗ ಬಾಗಿಲ ಹಿಂದೆಯೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಎರಡು ದಿನದಲ್ಲಿ ನೀವಿಬ್ಬರೂ ಸರಿಹೋಗುತ್ತೀರಿ ಅಂದುಕೊಂಡೆ, ಆಮೇಲೆ ದಿನ ಕಳೆದಷ್ಟೂ ಹೇಳಲು ಭಯವಾಯಿತು. ಇದು ಅಪ್ಪನಿಗೆ ಇನ್ನೂ ಗೊತ್ತಿಲ್ಲ. ಅವರು ಬಂದು ಎದುರು ನಿಂತಾಗ ಸಿಟ್ಟನ್ನೆಲ್ಲ ಅವರೊಬ್ಬರ ಮೇಲೆ ತೀರಿಸಬೇಡ. ನನ್ನ ಪಾಲಿನದು ನನಗೇ ಬರೆದು ಕಳಿಸು.