ಬಾಗಿಲ ಎಡಗಡೆ

ವೊನೊಗಿರಿ,
ಜೂನ್ ೧೪

ಬೀಮೋನ ಅಪ್ಪನಿಗೆ,

ಪಾರ್ತಿನಿಯ ಸಲಾಂ. ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ಫೋನಿನಲ್ಲಿ ಹೇಳೋಣವೆಂದರೆ ನೀವು ಮಾತುಮಾತಿಗೂ ‘ಆಯ್ತು ಬಿಡೇ’ ಅನ್ನುತ್ತೀರಿ. ಈ ಸಲ ಆಗಿಲ್ಲ, ನಾನು ಬಿಡುವುದೂ ಇಲ್ಲ. ನೀವು ದುಡಿಯುವ ಜೊಹೊರ್‌ಗೆ ವಾಪಸು ಹೊರಟಿರುವ ನಿಮ್ಮ ಜೊತೆಗಾರ ತುಕಿರನ ಕೈಯಲ್ಲಿ ಕಳಿಸುತ್ತಿದ್ದೇನೆ. ಪೂರ್ತಿ ಓದಿ.

ಬೀಮೋ ಚೆನ್ನಾಗಿದ್ದಾನೆ. ಅತ್ತೆಯ ಮಂಡಿನೋವು ಹಾಗೇ ಇದೆ. ಲೆಬಾರಾನ್ ಹಬ್ಬಕ್ಕೆ ನೀವು ಬರುವಷ್ಟರಲ್ಲಿ ಅಂಗಳಕ್ಕೆ ಕಾಂಕ್ರೀಟು ಆಗಬೇಕೆಂದಿರಲ್ಲ, ನಿಮ್ಮ ಅಣ್ಣ ನೆಲ ಸಿದ್ಧ ಮಾಡಿದ್ದಾರೆ. ಗೇಣುದ್ದ ಮೇಲ್ಮಣ್ಣು ತೆಗೆಸಿ, ಹಲಸಿನ ಬೇರು ಕೀಳಿಸಿ, ಇಟ್ಟಿಗೆ ಚೂರು, ಜಲ್ಲಿ ತುಂಬಿಸಿ, ನೀರು ಹೊಡೆದು ದಮ್ಮಸು ಮಾಡಿದ್ದಾರೆ. ನೀರು ಬೀದಿಗೆ ಹರಿಯುವ ಹಾಗೆ ವಾಟವನ್ನೂ ಕೊಟ್ಟಿದ್ದಾರೆ. ಕೆಲಸದಲ್ಲಿ ಹೆಸರಿಡುವ ಹಾಗಿಲ್ಲ.

ಆದರೆ ಸಂತೆಯಲ್ಲಿ ಸೋಯಾಕಾಳಿನ ಟೆಂಪೆ ಮಾರಿ ಮನೆಗೆ ಬಂದು ನೋಡುತ್ತೇನೆ, ಬಾಗಿಲ ಎಡಗಡೆಯನ್ನೂ ಅಗೆದು ತುಂಬಿಬಿಟ್ಟಿದ್ದಾರೆ! ಗಂಡುಮಗುವಿನದು ಬಲಕ್ಕೆ, ಹೆಣ್ಣುಮಗುವಿನದು ಎಡಕ್ಕೆ ಎಂದು ನಮ್ಮ ಲಾರಸ್ ಹುಟ್ಟಿದ ದಿನ ಅವಳ ಜೊತೆ ಹೊರಬಂದ ಮಾಸನ್ನು ತೊಳೆದು, ಮಡಕೆಯಲ್ಲಿಟ್ಟು, ಅಲ್ಲಿ ಹೂತವರು ನೀವೇ ಅಲ್ಲವೇ? ‘ನನ್ನ ಮಗಳು ಹೊಲಿಗೆ ಕಲಿಯಲಿ’ ಎಂದು ಸೂಜಿದಾರ ಹಾಕಿದಿರಿ. ಮೇಲೆ ದೀಪವಿಟ್ಟಿರಿ. ಆ ದೀಪ ತೆಗೆಯುವ ಮೂವತ್ತೈದನೇ ದಿನ ಬರುವ ಮೊದಲೇ ಕೂಸು ಹೋಯಿತು.

“ಕಣ್ಣು ಕಾಣಲ್ವಾ ಭಾವ? ಏನು ಅಗೆದ್ರಿ ಗೊತ್ತಾ?” ಅಂದೆ.

“ಯಾವುದೋ ಹಳೇ ಮಡಕೆ ಕಣಮ್ಮ. ಚೂರನ್ನೂ ಜಲ್ಲಿ ಜೊತೆ ಸೇರಿಸಿ ದಮ್ಮಸು ಹೊಡೆದ್ವಿ. ಗಟ್ಟಿಯಾಗತ್ತೆ.”

“ನಿಮ್ಮ ತಲೆ ಮೇಲೆ ಹೊಡ್ಕೊಳ್ಳಿ ದಮ್ಮಸು!”

ಬೀದಿಯೆಲ್ಲ ಸೇರಿತು. ಅತ್ತೆ ಒಳಗಿಂದಲೇ, “ಹೋದ ಕೂಸು ಹೋಯ್ತು. ಬಾಯ್ಮುಚ್ಚೇ, ಊರೆಲ್ಲಾ ಕೇಳಿಸ್ತಿದೆ,” ಅಂದರು.

“ಊರಿಗೆ ಕೇಳಲಿ ಅಂತಲೇ ಕೂಗ್ತಿರೋದು,” ಅಂದೆ. ಹೌದು, ಅತ್ತೆಗೆ ಎದುರು ಮಾತಾಡಿದೆ. ತಪ್ಪೆಂದು ಅನ್ನಿಸಲಿಲ್ಲ.

ಹಾರೆ ಕಸಿದುಕೊಂಡು ನಾನೇ ಜಲ್ಲಿ ಎಬ್ಬಿದೆ. ಅಂಗೈ ಬೊಬ್ಬೆ ಬಂದು ಒಡೆಯಿತು. ಸಿಕ್ಕಷ್ಟು ಚೂರು, ಒಂದಿಷ್ಟು ಮಣ್ಣು ಹೊಸ ಮಡಕೆಗೆ ತುಂಬಿ ಅಲ್ಲೇ ಹೂತೆ. ಸೂಜಿ ಸಿಗಲಿಲ್ಲ. ಸುತ್ತ ನಾಲ್ಕು ಹಲಗೆ ಹೊಡೆದು ದೀಪ ಹಚ್ಚಿದ್ದೇನೆ. ಕಾಂಕ್ರೀಟು ಆ ಹಲಗೆಯ ಆಚೆಗೇ ನಿಲ್ಲಬೇಕು. ಸೋಮವಾರ ಕಲಸುವ ಮಿಷನ್ ಬರುತ್ತದಂತೆ, ಬರಲಿ. ನಾನು ಅಲ್ಲೇ ಚಾಪೆ ಹಾಸಿಕೊಂಡು ಕೂತಿರುತ್ತೇನೆ. ನಿಮ್ಮ ಬೈಕಿಗೆ ಜಾಗ ಸಾಲದಿದ್ದರೆ ತಲೆಯ ಮೇಲೆ ಹೊತ್ತುಕೊಳ್ಳಿ.

ಅಲ್ಲಾಹನು ನಿಮ್ಮನ್ನು ಕಾಯಲಿ. ಬಿಸಿಲಲ್ಲಿ ತಲೆಗೆ ಬಟ್ಟೆ ಕಟ್ಟಿಕೊಳ್ಳಿ. ಹೊತ್ತುಹೊತ್ತಿಗೆ ಊಟ ಮಾಡಿ. ಸಿಟ್ಟು ಬಂದಿದೆಯೆಂದು ಹಾರೈಕೆ ನಿಲ್ಲಿಸಲಾಗುವುದಿಲ್ಲ.

ಬೀಮೋ ಮತ್ತು ಲಾರಸ್‌ಳ ಅವ್ವ,
ಪಾರ್ತಿನಿ

ಮರೆತ ಮಾತು: ಮರೆತದ್ದೇನಲ್ಲ, ಮೇಲೆ ಬರೆಯಲು ಕೈ ಏಳಲಿಲ್ಲ. ಸಂಜೆ ನಿಮ್ಮ ಅಣ್ಣ ಬಂದು ತಲೆ ತಗ್ಗಿಸಿ ನಿಂತರು. “ಬೈಬೇಡಮ್ಮ. ಲಾರಸ್ ಹುಟ್ಟಿದಾಗ ನಾನು ಸುಮಾತ್ರಾದಲ್ಲಿದ್ದೆ, ನಂಗೇನು ಗೊತ್ತು? ತಮ್ಮ ಫೋನ್ ಮಾಡಿ ಎರಡೆರಡು ಸಲ ಹೇಳಿದ, ‘ಬಲಗಡೆ ಹುಷಾರು, ಬೀಮೋನ ಮಡಕೆ ಇದೆ, ಗುದ್ದಲಿ ತಾಗಿಸ್ಬೇಡ’ ಅಂತ. ಎಡಗಡೆ ಹೇಗೆ ಅಂತ ನಾನೇ ಕೇಳಿದೆ,” ಅಂದರು.

ಅದಕ್ಕೆ ನೀವು ಕೊಟ್ಟ ಉತ್ತರವನ್ನೂ ಹೇಳಿದರು. “ಎಡಗಡೆ ಏನೂ ಇಲ್ಲ ಕಣಣ್ಣ, ಧೈರ್ಯವಾಗಿ ಅಗಿ.”