‘ಕೈಬಿಡಬಹುದು’ ಎಂಬ ಒಂದು ಸಾಲು

೨೧೪೮ನೇ ಇಸವಿ, ಫೆಬ್ರವರಿ ೩೦

ಪೂರ್ಣಿಮಾ ಅಜ್ಜಿಗೆ, ನಿಮ್ಮ ಮರಿಮಗಳ ಮಗಳು ಮಧುಮತಿಯ ನಮಸ್ಕಾರ.

ತಾರೀಕು ತಪ್ಪಿಲ್ಲ. ವಿಮೆಯ ಕಾಗದ ತುಂಬಲು ನೌಕರರಿಗೆ ಹೊತ್ತು ಸಾಲುವುದಿಲ್ಲವೆಂದು ನಮ್ಮ ನಗರಪಾಲಿಕೆ ಫೆಬ್ರವರಿಗೆ ಈ ದಿನವನ್ನು ಸೇರಿಸಿದೆ. ರಜೆ ಮಾತ್ರ ಕೊಟ್ಟಿಲ್ಲ. ಈ ಕಾಗದ ಮುಟ್ಟುವ ನಿಮ್ಮ ಕಾಲದಲ್ಲಿ ನೀವಿನ್ನೂ ಮೂವತ್ತೆಂಟರ ಹೆಂಗಸು, ಅಜ್ಜಿ ಎಂದಿದ್ದಕ್ಕೆ ಸಿಟ್ಟಾಗಬೇಡಿ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನಿಸಿದರೆ ಅದನ್ನೂ ಹೊಟ್ಟೆಗೆ ಹಾಕಿಕೊಳ್ಳಿ.

ನಾನೂ ನಿಮ್ಮ ಹಾಗೆ ಪಾಲಿಕೆಯವಳೇ, ನೀರು ವಿಭಾಗದಲ್ಲಿ ವಾಲ್ವ್ ತಿರುಗಿಸುತ್ತೇನೆ. ನಮ್ಮಲ್ಲಿ ‘ಇಳಿಕೆ’ ಎಂಬ ಪದ್ಧತಿ ಇದೆ. ಆರೋಗ್ಯ ವಿಮೆಯ ಕಂತು ವರ್ಷವರ್ಷವೂ ಏರುತ್ತದೆ, ಸಂಬಳ ಏರುವುದಿಲ್ಲ, ಹಾಗಾಗಿ ಮನೆಯ ಒಂದು ಹೆಸರು ಕಾರ್ಡಿನಿಂದ ಇಳಿಯಬೇಕು. ಇಳಿದವರಿಗೆ ಆಸ್ಪತ್ರೆಯ ಬಾಗಿಲು ಮುಚ್ಚಿದಂತೆಯೇ. ಯಾರಿಗೂ ‘ನೀನು ಇಳಿ’ ಎನ್ನಬಾರದು, ಅದು ಮರ್ಯಾದೆಯಲ್ಲ. ಕಾಗದ ಬಂದ ದಿನ ಎಲ್ಲರೂ ಊಟಕ್ಕೆ ಕೂತು, ತಟ್ಟೆಯ ಮುಂದೆ ತಲೆ ತಗ್ಗಿಸಿ ಕಾಯುತ್ತೇವೆ. ಹಿರಿಯರು ತಾವಾಗಿ ಹೇಳುತ್ತಾರೆ. ಹೋದ ವರ್ಷ ನಮ್ಮ ಅತ್ತೆ ಹೇಳಿದರು, ಸಾರು ಚೆನ್ನಾಗಿದೆ ಎನ್ನುವಷ್ಟೇ ಸಲೀಸಾಗಿ. ಅಂದಿನಿಂದ ಅವರು ಮೆಟ್ಟಿಲಲ್ಲಿ ಗೋಡೆ ಹಿಡಿದು, ಒಂದೊಂದೇ ಪಾದ ಊರಿ ನಡೆಯುತ್ತಾರೆ. ಬೀಳುವ ಹಾಗಿಲ್ಲವಲ್ಲ. ಇಳಿದವರನ್ನು ಬೀದಿಯಲ್ಲಿ ನಡಿಗೆಯಿಂದಲೇ ಗುರುತು ಹಿಡಿಯುತ್ತೇವೆ.

ಇದಕ್ಕೆಲ್ಲ ಮೂಲ ನೀವು ಟೈಪ್ ಮಾಡಿದ ಸುತ್ತೋಲೆ. ಹಳೆಯ ಕಡತದಲ್ಲಿ ಓದಿದೆ: ಕಂತು ಹೆಚ್ಚಾಗಿ ಕಷ್ಟವಾದವರು ಅವಲಂಬಿತರೊಬ್ಬರ ಹೆಸರನ್ನು ಕೈಬಿಡಬಹುದು. ಆ ಸಾಲು ಮೇಲಿನವರದಲ್ಲವಂತೆ, ಬಡ ನೌಕರರಿಗೆ ಅನುಕೂಲವಾಗಲೆಂದು ನೀವೇ ಕೇಳಿಕೊಂಡು ಸೇರಿಸಿದಿರಂತೆ. ನಿಮ್ಮದು ಒಳ್ಳೆಯ ಮನಸ್ಸೇ, ಮಹಾತಾಯಿ. ಆದರೆ ಇಪ್ಪತ್ತು ವರ್ಷದಲ್ಲಿ ‘ಕೈಬಿಡಬಹುದು’ ಹೋಗಿ ‘ಕೈಬಿಡತಕ್ಕದ್ದು’ ಆಯಿತು. ಆಮೇಲೆ ಕಂತು ಯಾಕೆ ಏರಿತು ಎಂದು ಯಾರೂ ಕೇಳಲಿಲ್ಲ, ಯಾರನ್ನು ಇಳಿಸುವುದು ಎಂದಷ್ಟೇ ಕೇಳಿಕೊಂಡೆವು. ನನಗಂತೂ ಸಾಕಾಗಿದೆ.

ಈ ವರ್ಷ ಕಾರ್ಡಿನಲ್ಲಿ ಉಳಿದವರು ನಾನು, ನಮ್ಮವರು, ಒಂಬತ್ತು ವರ್ಷದ ಮಗಳು ಸಿರಿಗೌರಿ. ನೌಕರಿ ನನ್ನದಾದ್ದರಿಂದ ನನ್ನ ಹೆಸರು ಇಳಿಸಲು ನಿಯಮ ಬಿಡುವುದಿಲ್ಲ. ನಮ್ಮವರಿಗೆ ವಾರಕ್ಕೆರಡು ಸಲ ಡಯಾಲಿಸಿಸ್. ಆದರೂ ನಿನ್ನೆ ಊಟಕ್ಕೆ ಕೂತಾಗ ಅವರೇ ಬಾಯಿ ತೆರೆಯುವುದರಲ್ಲಿದ್ದರು. ಅಷ್ಟರಲ್ಲಿ ಮಗಳು, ಥೇಟ್ ನಮ್ಮ ಅತ್ತೆಯ ದನಿಯಲ್ಲಿ ಹೇಳಿದಳು:

“ಅವ್ವಾ, ನನ್ನ ಹೆಸರು ಇಳಸು. ನನಗೇನೂ ಆಗಂಗಿಲ್ಲ.”

ಯಾರೂ ಊಟ ಮಾಡಲಿಲ್ಲ. ಇವತ್ತು ಬೆಳಿಗ್ಗೆ ಅವಳ ಹೆಸರನ್ನೇ ಬರೆದುಕೊಟ್ಟು ಬಂದೆ. ಬರೆಯುವಾಗ ನನ್ನ ಕೈ ನಡುಗಲಿಲ್ಲ, ಅದಕ್ಕೇ ನನಗೆ ಅಳು ಬಂತು.

ಮಧ್ಯಾಹ್ನ ಅವಳು ಶಾಲೆಯಿಂದ ಬಂದಳು. ದಿನಾ ಎರಡೆರಡು ಮೆಟ್ಟಿಲು ಹಾರಿ ಬರುವವಳು. ಇವತ್ತು ಗೋಡೆ ಹಿಡಿದು, ಒಂದೊಂದೇ ಪಾದ ಊರಿ ಹತ್ತಿದಳು. ನಾನು ಬಾಗಿಲಲ್ಲಿ ನಿಂತು ನೋಡಿದೆ.

ನಿಮ್ಮ ಕಾಲದಲ್ಲಿ ಸುತ್ತೋಲೆ ಇನ್ನೂ ಹೊರಬಿದ್ದಿಲ್ಲ, ನಿಮ್ಮ ಮೇಜಿನ ಮೇಲಿದೆ. ಆ ಸಾಲು ಹೊಡೆದುಹಾಕಿ, ಅಜ್ಜಿ. ಕಂತು ಯಾಕೆ ಏರಿತು ಎಂದು ಒಂದು ಸಲ ಗಟ್ಟಿಯಾಗಿ ಕೇಳಿ. ನನ್ನ ಮಗಳು ಮೆಟ್ಟಿಲ ಮೇಲೆ ಓಡಬೇಕು.

ನಿಮ್ಮ,
ಮಧುಮತಿ