ಆಷಾಢಕ್ಕೆ ಇಬ್ಬರು

ಮೂಡಿಗೆರೆ
೨೦-೬-೧೯೯೮

ನನ್ನ ಮುದ್ದು ಅಮ್ಮ,

ಮಲ್ಲಂದೂರಿನ ಎಸ್ಟೇಟ್ ಬಂಗಲೆಯ ಪರದೆಗಳನ್ನೆಲ್ಲ ಹೊಲಿಯುವ ಆರ್ಡರ್ ನನ್ನ ಟೈಲರಿಂಗ್ ಅಂಗಡಿಗೇ ಸಿಕ್ಕಿತು! ನಿನ್ನ ಅಳಿಯ ಅಜಿತ್ ಕೂತಲ್ಲೇ ಶಿಳ್ಳೆ ಹೊಡೆದರು!

ಅಷ್ಟರಲ್ಲಿ ನಿನ್ನ ಪತ್ರ ಬಂತು. "ಹೊಸ ಮದುವೆ, ಆಷಾಢದಲ್ಲಿ ಗಂಡ ಹೆಂಡತಿ ಒಂದೇ ಸೂರಿನಡಿ ಇರಬಾರ್ದು. ನೀನೊಬ್ಬಳೇ ಬಾ, ಅಳಿಯಂದ್ರು ಒಂದು ತಿಂಗಳು ಹೇಗೋ ಇರ್ತಾರೆ" ಎಂದಿದ್ದೀಯಲ್ಲ, ಹೇಗಮ್ಮ ಇರುತ್ತಾರೆ? ಸಂಧಿವಾತದಿಂದ ಬೆರಳು ಮಡಚಲಾಗದವರಿಗೆ ದಿನಾ ಅಂಗಿಯ ಗುಂಡಿ ಹಾಕುವವಳು ನಾನು. ಆ ಕಾಯಿಲೆಗೂ ಆಷಾಢದಲ್ಲಿ ತವರಿಗೆ ಹೋಗುವ ಪದ್ಧತಿ ಇದೆಯೇ? ಸಿಟ್ಟಿನಲ್ಲಿ ಒಂದು ಪರದೆಯನ್ನು ತಲೆಕೆಳಗಾಗಿ ಹೊಲಿದು ಬಿಚ್ಚಿದೆ.

ಕೆಳಗಿನ ಕೋಣೆ ಖಾಲಿ ಮಾಡಿಸು, ಅವರಿಗೆ ಮೆಟ್ಟಿಲು ಹತ್ತಲಾಗದು. ಪರದೆಗಳನ್ನು ಅಲ್ಲೇ ಹೊಲಿದು ಮುಗಿಸುತ್ತೇನೆ, ಜೊತೆಗೆ ತರುವ ಹೊಲಿಗೆ ಯಂತ್ರಕ್ಕೆ ಕಿಟಕಿಯ ಪಕ್ಕ ಜಾಗವಿರಲಿ. ಗುರುವಾರ ಬೆಳಿಗ್ಗೆ ಇಲ್ಲಿಂದ ಬಸ್ಸು ಹಿಡಿದು, ಸಂಜೆ ಮೈಸೂರು ಪ್ಯಾಸೆಂಜರ್ ರೈಲಿನಿಂದ ಇಬ್ಬರೂ ಇಳಿಯುತ್ತೇವೆ.

ನಿನ್ನ
ಪಂಚಮಿ